ಸಾವಿರ ಚಿತ್ರಗಳ ಆಚಿ

ತಮಿಳು ಸಿನಿಮಾದಲ್ಲಿ ಬಹುಕಾಲ ಕಥೆಯದೇ ಒಂದು ದಾರಿ, ಕಾಮಿಡಿಯದೇ ಇನ್ನೊಂದು ದಾರಿ. ನಾಯಕ ನಾಯಕಿ ಅತ್ತು ಕರೆದು ಒಂದಾಗುವ ಹೊತ್ತಿಗೆ ಹಾಸ್ಯನಟ ತನ್ನ ಪಾಡಿಗೆ ತಾನು ಮನೆ ಮಾಲೀಕನನ್ನೋ ಭಾವಿ ಮಾವನನ್ನೋ ಯಾಮಾರಿಸುತ್ತಿರುತ್ತಿದ್ದ. ಆ ದೃಶ್ಯಗಳನ್ನು ಕಿತ್ತು ತೆಗೆದರೂ ಕಥೆಗೆ ಊನವಿಲ್ಲ. ಅಂಥ ಬಿಡಿ ದೃಶ್ಯಗಳಲ್ಲೂ ಹೆಂಗಸಿಗೆ ಜಾಗ ಸಿಗುತ್ತಿದ್ದುದು ಹಾಸ್ಯನಟನ ಜೋಡಿ ಎಂಬ ಲೆಕ್ಕದಲ್ಲಿ. ಆ ಇಕ್ಕಟ್ಟಿನಲ್ಲೇ ಕಾಲೂರಿ, ಐದು ದಶಕ ಮೀರಿ ನಿಂತು, ಕೊನೆಗೆ ಕಥೆಯೇ ಸರಿದು ತಮಗೆ ಜಾಗ ಬಿಡುವಂತೆ ಮಾಡಿದವರು ಮನೋರಮಾ. ಅಭಿಮಾನಿಗಳ ಬಾಯಲ್ಲಿ ಅವರು ‘ಆಚಿ’. ಚೆಟ್ಟಿನಾಡಿನ ಕಡೆ ಮನೆಯ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವುದು ಹಾಗೆ.

ಹುಟ್ಟಿದ್ದು 1937ರ ಮೇ 26ರಂದು, ಆಗಿನ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಲ್ಲಿ. ಹೆತ್ತವರಿಟ್ಟ ಹೆಸರು ಗೋಪಿಶಾಂತಾ. ತಂದೆ ಹೆಂಡತಿಯ ತಂಗಿಯನ್ನೇ ಎರಡನೆಯ ಮದುವೆಯಾದ ಮೇಲೆ ತಾಯಿ ರಾಮಾಮೃತಂ ಮಗಳನ್ನು ಕಟ್ಟಿಕೊಂಡು ಕಾರೈಕುಡಿ ಸಮೀಪದ ಪಳ್ಳತ್ತೂರಿಗೆ ಬಂದರು. ಅಲ್ಲಿ ಅನುಕೂಲಸ್ಥರ ಮನೆಗಳಲ್ಲಿ ಕೆಲಸ ಮಾಡಿ ಹೊಟ್ಟೆ ಹೊರೆಯಬೇಕಾಯಿತು. ತಾಯಿಯ ಆರೋಗ್ಯ ಕೆಟ್ಟಾಗ ಮಗಳ ಶಾಲೆ ನಿಂತಿತು, ಮನೆಗೆಲಸ ಅವಳ ಪಾಲಿಗೂ ಬಂತು. ಹುಡುಗಿಗೆ ಹಾಡು ಬರುತ್ತಿತ್ತು. ನಾಟಕದವರ ಕಣ್ಣಿಗೆ ಬೀಳಲು ಅಷ್ಟು ಸಾಕಾಯಿತು. ಹನ್ನೆರಡರ ಹೊತ್ತಿಗೆ ಮುಖಕ್ಕೆ ಬಣ್ಣ ಹತ್ತಿತು. ‘ಮನೋರಮಾ’ ಎಂಬ ಹೆಸರೂ ನಾಟಕದ ಮೇಷ್ಟರು ಮತ್ತು ಹಾರ್ಮೋನಿಯಂನವರು ಸೇರಿ ಇಟ್ಟದ್ದೇ.

ಮುಂದೆ ಎಸ್.ಎಸ್. ರಾಜೇಂದ್ರನ್ ಅವರ ನಾಟಕ ಮಂಡಳಿ ಸೇರಿದರು. ಅದು ದ್ರಾವಿಡ ಚಳವಳಿ ರಂಗಭೂಮಿಯನ್ನೇ ತನ್ನ ಪ್ರಚಾರದ ವೇದಿಕೆ ಮಾಡಿಕೊಂಡಿದ್ದ ಕಾಲ. ಸಿ.ಎನ್. ಅಣ್ಣಾದುರೈ, ಎಂ. ಕರುಣಾನಿಧಿ ನಾಟಕ ಬರೆಯುತ್ತಿದ್ದರು, ಪಾತ್ರವನ್ನೂ ಮಾಡುತ್ತಿದ್ದರು. ಇಬ್ಬರ ಜೊತೆಗೂ ಮನೋರಮಾ ರಂಗದ ಮೇಲೆ ನಿಂತರು. ನಂತರ ಸಿನಿಮಾದಲ್ಲಿ ಎಂ.ಜಿ. ರಾಮಚಂದ್ರನ್, ಜಯಲಲಿತಾ, ಎನ್.ಟಿ. ರಾಮರಾವ್ ಜೊತೆಯಾದರು. ಹೀಗೆ ಐವರು ಮುಖ್ಯಮಂತ್ರಿಗಳ ಸಹನಟಿ ಎಂಬ ಮಾತು ಅವರ ಪರಿಚಯದೊಂದಿಗೆ ಅಂಟಿಕೊಂಡೇ ಬಂತು. ಆದರೆ ನಾಟಕದ ವರ್ಷಗಳು ಕೊಟ್ಟ ನಿಜವಾದ ಗಳಿಕೆ ಬೇರೆ. ಕೊನೆಯ ಸಾಲಿನವರಿಗೂ ಕೇಳುವ ಗಂಟಲು, ಜನ ನಗುವಷ್ಟು ಹೊತ್ತು ಮಾತು ತಡೆದು ನಗು ಇಳಿಯುವ ಹೊತ್ತಿಗೆ ಸರಿಯಾಗಿ ಮುಂದಿನ ಮಾತು ಎಸೆಯುವ ಲೆಕ್ಕ, ಎದುರಿನವರು ಮಾತು ಮರೆತರೆ ಅಲ್ಲೇ ಹೊಸೆದು ದೃಶ್ಯ ಉಳಿಸುವ ಚುರುಕು. ಇದೆಲ್ಲ ಕ್ಯಾಮೆರಾ ಮುಂದೆ ಕಲಿಯುವ ವಿದ್ಯೆಯಲ್ಲ.

ಸಿನಿಮಾಕ್ಕೆ ಕರೆತಂದವರು ಕವಿ ಕಣ್ಣದಾಸನ್. ತಾವು ನಿರ್ಮಿಸಿದ ‘ಮಾಲೈಯಿಟ್ಟ ಮಂಗೈ’ (1958) ಚಿತ್ರದಲ್ಲಿ ಅವರು ಕೊಟ್ಟದ್ದು ಹಾಸ್ಯ ಪಾತ್ರ. ನಾಯಕಿಯ ಆಸೆ ಹೊತ್ತು ಬಂದ ಇಪ್ಪತ್ತೊಂದರ ಹುಡುಗಿಗೆ ಇದು ರುಚಿಸಲಿಲ್ಲ. ನಾಯಕಿಯರ ಕಾಲ ನಾಲ್ಕಾರು ವರ್ಷ, ಹಾಸ್ಯ ಹಿಡಿದರೆ ಬಹುಕಾಲ ಬಾಳುತ್ತೀಯ ಎಂಬರ್ಥದಲ್ಲಿ ಕವಿ ತಿಳಿಹೇಳಿದ್ದನ್ನು ಮನೋರಮಾ ಮುಂದೆ ಸಂದರ್ಶನಗಳಲ್ಲಿ ನೆನೆಯುತ್ತಿದ್ದರು. ನಾಯಕಿಯಾಗುವ ಆಸೆಯೂ ತೀರಿತು. ಸೇಲಂನ ಮಾಡರ್ನ್ ಥಿಯೇಟರ್ಸ್ 1963ರಲ್ಲಿ ‘ಕೊಂಜುಂ ಕುಮರಿ’ಗೆ ಅವರನ್ನೇ ನಾಯಕಿ ಮಾಡಿತು. ಆದರೆ ಜನ ಕೇಳಿದ್ದು ನಗಿಸುವ ಮನೋರಮಾರನ್ನೇ. ಆ ದಶಕದ ನಡುವೆ ಆದ ಮದುವೆ ಬೇಗ ಮುರಿಯಿತು. ಮಗನನ್ನೂ ಮನೆಯನ್ನೂ ಸಾಕಿದ್ದು ಇದೇ ನಗು.

ಆ ಮುಂದಿನ ವರ್ಷಗಳಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಾಗೇಶ್, ಚೋ, ತೇಂಗಾಯ್ ಶ್ರೀನಿವಾಸನ್, ಸುರುಳಿರಾಜನ್ ಹೀಗೆ ಕಾಲಕ್ಕೊಬ್ಬ ಹಾಸ್ಯನಟ ಮೇಲೆ ಬಂದ. ಹೆಸರುಗಳು ಬದಲಾದವು, ನಗಿಸುವ ರೀತಿ ಬದಲಾಯಿತು, ಎದುರಿಗೆ ನಿಂತ ಹೆಂಗಸು ಮಾತ್ರ ಬದಲಾಗಲಿಲ್ಲ. ನಾಗೇಶ್ ಮೈಯೆಲ್ಲ ರಬ್ಬರಿನಂತೆ ಕುಣಿಸುವಾಗ ಮನೋರಮಾ ಅಲ್ಲಾಡದೆ ಮುಖ ಗಂಟಿಕ್ಕಿ ನಿಲ್ಲುತ್ತಿದ್ದರು. ಚೋ ಒಣಗಿದ ಧ್ವನಿಯಲ್ಲಿ ಕುಟುಕಿದರೆ ಇವರು ಏರುದನಿಯಲ್ಲಿ ಜಾಡಿಸುತ್ತಿದ್ದರು. ಎದುರಿನವರ ಓಟ ನೋಡಿ ತಮ್ಮ ವೇಗ ಇಳಿಸುವ, ಏರಿಸುವ ಈ ಹದವನ್ನು ನೋಡುಗರು ಗುರುತಿಸುವುದು ಕಡಿಮೆ. ಜೋಡಿಯಾಗಿ ಮಾಡುವ ಹಾಸ್ಯದ ಅರ್ಧ ಕೆಲಸ ಇರುವುದು ಅಲ್ಲೇ.

ಇನ್ನರ್ಧ ನಾಲಗೆಯಲ್ಲಿತ್ತು. ಚೆಟ್ಟಿನಾಡಿನ ಎಳೆತ, ಕೊಂಗುನಾಡಿನ ಮರ್ಯಾದೆಯ ಮಾತು, ಅಗ್ರಹಾರದ ತಮಿಳು, ಮದುರೆಯ ಒರಟು ಎಲ್ಲವೂ ಅವರಿಗೆ ಸಲೀಸು. ತೆಲುಗು, ಉರ್ದು, ಇಂಗ್ಲಿಷ್ ಬೆರೆತ ಚೆನ್ನೈ ಬೀದಿಯ ‘ಮದ್ರಾಸ್ ಭಾಷೆ’ಯಂತೂ ಅವರ ಬಾಯಲ್ಲಿ ಪಟಾಕಿ ಸರ. ‘ಬೊಮ್ಮಲಾಟ್ಟಂ’ (1968) ಚಿತ್ರದಲ್ಲಿ ಆ ಆಡುಮಾತಿನಲ್ಲೇ ಅವರು ಹಾಡಿದ ಹಾಡು ಊರೆಲ್ಲ ಗುನುಗಿತು. ಇಪ್ಪತ್ತಾರು ವರ್ಷದ ನಂತರ ‘ಮೇ ಮಾದಂ’ ಚಿತ್ರದಲ್ಲಿ ಮದ್ರಾಸನ್ನು ಸುತ್ತುವ ಹಾಡಿಗೆ ಎ.ಆರ್. ರೆಹಮಾನ್ ಕೂಡ ಅದೇ ಕಂಠವನ್ನು ಬಳಸಿದರು. ಆಡುಮಾತನ್ನು ಅಣಕಿಸಿ ನಗಿಸುವುದು ಸುಲಭ. ಮನೋರಮಾ ಅಣಕಿಸಲಿಲ್ಲ, ಆ ಮಾತಿನವರೇ ಆಗಿ ಮಾತಾಡಿದರು. ಅವರ ಮನೆಗೆಲಸದವಳ ಮಾತಿಗೆ ಮನೆಗೆಲಸದವರೂ ಕೂತು ನಕ್ಕದ್ದು ಅದಕ್ಕೇ.

ಎಲ್ಲ ಒಂದೇ ಪಾತ್ರದಲ್ಲಿ ಕೂಡಿಬಂದದ್ದು ‘ತಿಲ್ಲಾನಾ ಮೋಹನಾಂಬಾಳ್’ (1968) ಚಿತ್ರದಲ್ಲಿ. ಕೊತ್ತಮಂಗಲಂ ಸುಬ್ಬು ಅವರ ಕಾದಂಬರಿ, ಎ.ಪಿ. ನಾಗರಾಜನ್ ನಿರ್ದೇಶನ, ನಾಗಸ್ವರ ವಿದ್ವಾಂಸನಾಗಿ ಶಿವಾಜಿ ಗಣೇಶನ್, ನರ್ತಕಿಯಾಗಿ ಪದ್ಮಿನಿ. ಇಂಥ ಘಟಾನುಘಟಿಗಳ ನಡುವೆ ನಾಟಕ ಕಂಪನಿಯ ನಟಿ ‘ಜಿಲ್ ಜಿಲ್ ರಮಾಮಣಿ’ಯಾಗಿ ಮನೋರಮಾ ಬರುತ್ತಾರೆ. ಈ ಧ್ವನಿ ನಿಮ್ಮ ನಾಯನದಲ್ಲಿ (ನಾಗಸ್ವರದಲ್ಲಿ) ಮಾತ್ರ ಬರುತ್ತದೋ, ಎಲ್ಲರ ನಾಯನದಲ್ಲೂ ಬರುತ್ತದೋ ಎಂದು ಮಹಾವಿದ್ವಾಂಸನನ್ನು ಕೇಳುತ್ತಾಳೆ ರಮಾಮಣಿ. ಪ್ರಶ್ನೆ ಪೆದ್ದು, ಕೇಳುವ ಕಣ್ಣಲ್ಲಿ ಮಾತ್ರ ಅಪ್ಪಟ ಬೆರಗು. ತಾನು ಪೇಟೆಯವಳೆಂದು ತೋರಿಸಲು ಗತ್ತಿನಿಂದ ಶುರುಮಾಡಿ, ಎರಡೇ ಮಾತಿಗೆ ಹಳ್ಳಿಯ ಹೆಣ್ಣಾಗಿ ಇಳಿಯುತ್ತಾಳೆ. ಊರೂರು ಸುತ್ತಿ ಬಣ್ಣ ಹಚ್ಚಿದ ಹೆಂಗಸಿನ ಠೀವಿ ಏನು, ಅದರ ಹಿಂದಿನ ಅಳುಕು ಏನು ಎಂಬುದು ಮನೋರಮಾಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಲಾವಿದೆಯೆಂಬ ಅವಳ ಹೆಮ್ಮೆಯನ್ನು ಅವರು ಎಲ್ಲೂ ನಗೆಪಾಟಲಾಗಲು ಬಿಡಲಿಲ್ಲ. ಆ ಚಿತ್ರದಿಂದ ರಮಾಮಣಿಯನ್ನು ಕಿತ್ತು ತೆಗೆಯುವ ಮಾತೇ ಇಲ್ಲ.

ಹಿಂದಿಯಲ್ಲಿ ಮೆಹಮೂದ್ ಎದುರು ‘ಕುಂವಾರಾ ಬಾಪ್’ (1974), ತೆಲುಗಿನಲ್ಲಿ ‘ಅರುಂಧತಿ’ (2009) ಹೀಗೆ ಇತರ ಭಾಷೆಗಳಲ್ಲೂ ದುಡಿದರು. ವಯಸ್ಸು ಏರಿದಂತೆ ತಾಯಿಯ ಪಾತ್ರಗಳು ಬಂದವು. ಕನ್ನಡದಲ್ಲಿ ‘ರಾಮಾಚಾರಿ’ಯಾದ ಕಥೆ ನಮಗೆಲ್ಲ ಗೊತ್ತು. ಅದರ ಮೂಲ ‘ಚಿನ್ನತಂಬಿ’ಯಲ್ಲಿ (1991) ಮುಗ್ಧ ಮಗನ ವಿಧವೆ ತಾಯಿ ಮನೋರಮಾ. ಜನರನ್ನು ಮೂವತ್ತು ವರ್ಷ ನಗಿಸಿದ ಮುಖ ಅಲ್ಲಿ ಅವಮಾನಕ್ಕೆ ಗುರಿಯಾದಾಗ ಥಿಯೇಟರು ನಡುಗಿದ್ದು ಸಹಜವೇ. ಪಾರ್ತಿಬನ್ ನಿರ್ದೇಶನದ ಮೊದಲ ಚಿತ್ರ ‘ಪುದಿಯ ಪಾದೈ’ಗಾಗಿ (1989) ಶ್ರೇಷ್ಠ ಪೋಷಕ ನಟಿ ರಾಷ್ಟ್ರಪ್ರಶಸ್ತಿ ಬಂತು. ಸಾವಿರ ಚಿತ್ರಗಳ ನಟಿಯೆಂದು ಗಿನ್ನೆಸ್ ದಾಖಲೆಗೆ ಹೆಸರು ಸೇರಿತು. 2002ರಲ್ಲಿ ಪದ್ಮಶ್ರೀ ಸಂದಿತು. 2015ರ ಅಕ್ಟೋಬರ್ 10ರಂದು ಚೆನ್ನೈಯಲ್ಲಿ ತೀರಿಕೊಂಡರು.

ಹಾಸ್ಯಕ್ಕೆಂದೇ ಒಂದು ವಿಭಾಗ ರಾಷ್ಟ್ರಪ್ರಶಸ್ತಿಯಲ್ಲಿಲ್ಲ. ನಗಿಸುವವರು ‘ಪೋಷಕ’ರ ಸಾಲಿನಲ್ಲೇ ನಿಲ್ಲಬೇಕು. ನಮ್ಮ ಎಂ.ಎನ್. ಲಕ್ಷ್ಮೀದೇವಿ, ಬಿ. ಜಯಾ, ರಮಾದೇವಿ ಅವರನ್ನೂ ನಾವು ನೆನೆಯುವುದು ನಾಯಕಿಯರ ಪಟ್ಟಿ ಮುಗಿದ ಮೇಲೆಯೇ. ಕಾಮಿಡಿಯಲ್ಲಿ ಮನೆಮಾತಾದ ಉಮಾಶ್ರೀ ಅವರ ಆಳವನ್ನು ಒಪ್ಪಿಕೊಳ್ಳಲು ಹಲವರಿಗೆ ‘ಗುಲಾಬಿ ಟಾಕೀಸ್’ ಬರಬೇಕಾಯಿತು. ಅಳಿಸಿದವರನ್ನು ಕಲಾವಿದೆ ಎಂದು ಬೇಗ ಒಪ್ಪುತ್ತೇವೆ, ನಗಿಸಿದವರನ್ನು ತಮಾಷೆಯವರೆಂದು ಬದಿಗಿಡುತ್ತೇವೆ.

ಮನೋರಮಾರನ್ನು ಹೊಸದಾಗಿ ನೋಡುವವರು ‘ತಿಲ್ಲಾನಾ ಮೋಹನಾಂಬಾಳ್’ನಿಂದ ಶುರುಮಾಡಬಹುದು. ಆಮೇಲೆ ವಿಸು ಅವರ ‘ಸಂಸಾರಂ ಅದು ಮಿನ್ಸಾರಂ’ (1986). ಅದರಲ್ಲಿ ಮನೆಗೆಲಸದ ಕಣ್ಣಮ್ಮ ಬಾಯಿ ಮಾಡುತ್ತಲೇ ಯಜಮಾನರ ಮನೆಯ ಗಂಟೊಂದನ್ನು ಬಿಡಿಸುತ್ತಾಳೆ. ಕೊನೆಗೆ ‘ನಡಿಗನ್’ (1990). ಮುದುಕನ ವೇಷದಲ್ಲಿರುವ ಸತ್ಯರಾಜ್‌ಗೆ ಮನಸೋಲುವ, ಮದುವೆಯಿಲ್ಲದೆ ವಯಸ್ಸು ಮೀರಿದ ಬಿಗುಮಾನದ ಹೆಂಗಸಿನ ಪಾತ್ರ. ನಗುವುದಕ್ಕೆಂದೇ ಬರೆದ ಪ್ರೀತಿ ಅದು. ಮನೋರಮಾ ಆ ಪ್ರೀತಿಯನ್ನು ನಿಜವೆಂದೇ ನಂಬಿ ನಟಿಸಿದ್ದಾರೆ. ನಕ್ಕ ಪ್ರೇಕ್ಷಕನಿಗೆ ತಾನು ನಕ್ಕದ್ದು ಯಾವುದಕ್ಕೆ ಎಂಬ ಪ್ರಶ್ನೆ ಏಳುವುದು ಅಲ್ಲಿಂದಲೇ.