ತಲಕಾಡಿನ ಮರಳು

ಕಡಲಿನಿಂದ ಬಹುದೂರದಲ್ಲಿರುವ ತಲಕಾಡಿನಲ್ಲಿ, ಕಾವೇರಿಯ ದಡದಲ್ಲಿ, ಮರಳಿನ ದಿಬ್ಬಗಳೆದ್ದುದು ಹೇಗೆ? ಗಂಗರ ರಾಜಧಾನಿಯಾಗಿದ್ದ ಈ ಊರನ್ನು 1116ರಲ್ಲಿ ಚೋಳರಿಂದ ಗೆದ್ದ ವಿಷ್ಣುವರ್ಧನನು ಕೀರ್ತಿನಾರಾಯಣನ ಗುಡಿಯನ್ನು ಕಟ್ಟಿಸಿದನು. ಮುಂದೆ ಅದೂ ಮರಳಿನಲ್ಲಿ ಹೂತಿತು. ಅಲಮೇಲಮ್ಮನ ಶಾಪವೇ ಕಾರಣವೆಂಬುದು ಜನರ ನಂಬಿಕೆ. ಭೂವಿಜ್ಞಾನಿಗಳ ವಿವರಣೆಯೇ ಬೇರೆ. ವಿಜಯನಗರದ ಮಾಧವಮಂತ್ರಿಯು 14ನೆಯ ಶತಮಾನದಲ್ಲಿ ಕಾವೇರಿಗೆ ಅಣೆಕಟ್ಟೆಯನ್ನು ಕಟ್ಟಿಸಿದನು. ಗದ್ದೆಗಳಿಗೆ ನೀರು ದೊರೆಯಿತು. ಆದರೆ ಕೆಳಗೆ ಹರಿವು ತಗ್ಗಿ, ನದಿಯ ಬಾಗಿನಲ್ಲಿ ಮರಳು ಬಯಲಾಗಿ ಒಣಗಿತು. ನೈಋತ್ಯದ ಗಾಳಿಗೆ ಅದರ ಕಣಗಳು ಪುಟಿಯುತ್ತ ಊರಿನತ್ತ ಸಾಗಿದವು. ಗೋಡೆ ಅಡ್ಡಬಂದೆಡೆ ಗಾಳಿಯ ಬಲ ಕುಗ್ಗಿ, ಮರಳು ಅಲ್ಲಿಯೇ ನಿಲ್ಲುತ್ತದೆ. ಹೀಗೆ ಗುಡಿಯ ಗೋಡೆಗಳೇ ತಮ್ಮ ಮೇಲಿನ ದಿಬ್ಬವನ್ನು ಬೆಳೆಸಿದವೆನ್ನಬಹುದು! ಪಾತಾಳೇಶ್ವರನ ದರ್ಶನಕ್ಕೆ ಇಂದಿಗೂ ಮೆಟ್ಟಿಲಿಳಿದೇ ಹೋಗಬೇಕು.