ಪಿಲಿಕುಳದ ಮರಗಳ ನಡುವೆ ಒಂದು ಹಗಲು

ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಗಳಲ್ಲಿ ಪ್ರವಾಸದ ಗುಂಗು. ಕಾರ್ಕಳ ಕಡೆಯ ನಮ್ಮ ಪ್ರೌಢಶಾಲೆಯ ಮಕ್ಕಳನ್ನು ತುಂಬಿಕೊಂಡು ಹೊರಟ ಬಸ್ಸು ಮೂಡುಬಿದಿರೆ, ಗುರುಪುರ ದಾಟಿ ವಾಮಂಜೂರು ಮುಟ್ಟುವ ಹೊತ್ತಿಗೆ ಅಂತ್ಯಾಕ್ಷರಿ ಮೂರು ಸುತ್ತು ಮುಗಿದಿತ್ತು. ನಾವು ಹೊರಟಿದ್ದು ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮಕ್ಕೆ. ತುಳುವಿನಲ್ಲಿ ಪಿಲಿ ಎಂದರೆ ಹುಲಿ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳ ಎಂಬುದೇ ಆ ಹೆಸರಿನ ಅರ್ಥ. ಈಗ ಅಲ್ಲಿ ಹುಲಿ ಇರುವುದು ಮೃಗಾಲಯದ ಬೇಲಿಯೊಳಗೆ.

ಮಕ್ಕಳು ಹುಲಿ ನೋಡಿದರು, ಕಾಳಿಂಗ ಸರ್ಪ ನೋಡಿದರು, ಬುತ್ತಿ ಬಿಚ್ಚಿ ಉಂಡರು. "ಇನ್ನೆಂತ ಉಂಟು ಸರ್?" ಎಂದು ಕೇಳಿದರು. "ಮರಗಳ ತೋಟ ಉಂಟು" ಎಂದೆ. ಎಲ್ಲರ ಮುಖವೂ ಸಣ್ಣದಾಯಿತು. ಮರ ನೋಡಲು ಬಸ್ಸಿನಲ್ಲಿ ಬರಬೇಕೇ, ಮನೆಯ ಹಿಂದೆಯೇ ಇಲ್ಲವೇ ಎಂಬುದು ಅವರ ವಾದ. ನಿಜ ಹೇಳಬೇಕೆಂದರೆ, ಇಪ್ಪತ್ತೈದು ವರ್ಷಗಳಿಂದ ಸಸ್ಯಶಾಸ್ತ್ರ ಪಾಠ ಮಾಡುತ್ತಿರುವ ನಾನೂ ಆ ತೋಟವನ್ನು ಹೊರಗಿನಿಂದಲೇ ನೋಡಿ ಹಿಂದಿರುಗಿದವನು.

ಬೆಂಗಳೂರಿನ ಲಾಲ್‌ಬಾಗಿನಲ್ಲಿ ದೇಶವಿದೇಶಗಳ ಮರಗಳನ್ನು ತಂದು ಬೆಳೆಸಿದ್ದಾರೆ. ಪಿಲಿಕುಳದ ವೃಕ್ಷೋದ್ಯಾನದ ಹಟವೇ ಬೇರೆ. ಇಲ್ಲಿ ಮುಖ್ಯ ಅತಿಥಿಗಳು ನಮ್ಮ ಪಶ್ಚಿಮ ಘಟ್ಟದವರೇ. ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರಜಾತಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ನಮ್ಮಲ್ಲಿ ಅಳಿದರೆ ಅಳಿದಂತೆಯೇ.

ಹಾಲು ಬರುತ್ತದೆಯೇ ನೋಡಿ

ಕಾಲುದಾರಿಯಲ್ಲಿ ಸ್ವಲ್ಪ ದೂರ ನಡೆದಿರಬಹುದು. ಒಂದು ಎತ್ತರದ ಮರದ ಬುಡದಲ್ಲಿ ನಿಂತು, ಫಲಕಕ್ಕೆ ಬೆನ್ನು ಕೊಟ್ಟು, "ಇದು ಯಾವ ಮರ?" ಎಂದು ಕೇಳಿದೆ. ನಲವತ್ತು ಮಕ್ಕಳಲ್ಲಿ ಒಬ್ಬರಿಗೂ ಗೊತ್ತಿಲ್ಲ. "ಆಟಿ ಅಮಾವಾಸ್ಯೆಗೆ ಕಷಾಯ ಕುಡಿದವರು ಕೈ ಎತ್ತಿ" ಎಂದೆ. ಹೆಚ್ಚುಕಡಿಮೆ ಎಲ್ಲರ ಕೈಯೂ ಮೇಲೆ! ಅವರು ಕುಡಿದ ಕಷಾಯದ ಪಾಲೆ ಮರವೇ ಅದು. ಕನ್ನಡದಲ್ಲಿ ಹಾಲೆ ಎನ್ನುತ್ತೇವೆ.

ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮುನ್ನ ಪಾಲೆಯ ಕೆತ್ತೆ ತರುವುದು, ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೆಗೆಯುವುದು ತುಳುನಾಡಿನ ವಾಡಿಕೆ. ಕತ್ತಲೆಯಲ್ಲಿ ಹೋದರೂ ನಮ್ಮ ಹಿರಿಯರು ತಪ್ಪುತ್ತಿರಲಿಲ್ಲ. ಹಿಂದಿನ ದಿನವೇ ಮರ ನೋಡಿ ಗುರುತು ಮಾಡಿ ಬರುತ್ತಿದ್ದರು. ಕಾಪುವಿನಲ್ಲಿರುವ ನನ್ನ ಅಕ್ಕನ ಮನೆಯವರು ಈಗ ಕೆತ್ತೆಯನ್ನು ಪೇಟೆಯಿಂದ ತರುತ್ತಾರೆ. ಕೊಡುವವರಿಗೆ ಮರ ಗೊತ್ತಿದೆ ಎಂಬ ನಂಬಿಕೆಯೇ ಆಧಾರ.

ಆ ನಂಬಿಕೆ ತಪ್ಪಿದರೆ ಏನಾಗುತ್ತದೆ? ನಮ್ಮ ಗುಡ್ಡಗಳಲ್ಲಿ ಕಾಸರಕವೂ ಉಂಟು. ಅದರಲ್ಲಿರುವ ಸ್ಟ್ರಿಕ್ನೀನ್, ಬ್ರೂಸಿನ್ ಎಂಬ ವಿಷಗಳು ನರಮಂಡಲವನ್ನೇ ಹಿಡಿಯುತ್ತವೆ. ಪಾಲೆಯೆಂದು ಬೇರೆ ಮರದ ತೊಗಟೆ ತಂದು ಕುಡಿದರೆ ಆಸ್ಪತ್ರೆಯ ಹಾದಿ ಹಿಡಿಯಬೇಕಾದೀತು, ಜೀವಕ್ಕೇ ಎರವಾದೀತು.

ಅಲ್ಲೇ ಎಲೆ ಗುಡಿಸುತ್ತಿದ್ದ ತೋಟದ ಹಿರಿಯ ಕೆಲಸಗಾರರೊಬ್ಬರು ನಮ್ಮ ಮಾತು ಕೇಳಿಸಿಕೊಂಡು ಹತ್ತಿರ ಬಂದರು. "ಬಾಯಲ್ಲಿ ಹೇಳಿದರೆ ಆಗುವುದಿಲ್ಲ ಮಾಷ್ಟ್ರೇ, ತೋರಿಸಬೇಕು" ಎಂದು, ಗಾಳಿಗೆ ಮುರಿದು ಜೋತಾಡುತ್ತಿದ್ದ ಒಂದು ಟಿಸಿಲನ್ನು ಕಿತ್ತು ಹಿಡಿದರು. ಗಂಟಿನ ಸುತ್ತ ಚಕ್ರದಂತೆ ಏಳು ಎಲೆ, ಮುರಿದ ತುದಿಯಲ್ಲಿ ಬಿಳಿ ಹಾಲು. ಸಂಸ್ಕೃತದ ಸಪ್ತಪರ್ಣ ಕಣ್ಣೆದುರೇ ಇತ್ತು. ಎಲೆ ಎಲ್ಲೆಡೆ ಏಳೇ ಇರಬೇಕೆಂದಿಲ್ಲ, ಐದೂ ಆರೂ ಇರಬಹುದು. ಕಾಸರಕದಲ್ಲಾದರೋ ಎಲೆಗಳು ಎದುರುಬದುರಾಗಿ ಎರಡೆರಡು, ಬುಡದಿಂದಲೇ ಹೊರಡುವ ಮೂರೋ ಐದೋ ನರಗಳು, ಚಳಿಗಾಲದಲ್ಲಿ ಕಿತ್ತಳೆ ಬಣ್ಣದ ದುಂಡು ಹಣ್ಣು. ಮುರಿದರೆ ಹಾಲು ಬರುವುದಿಲ್ಲ. ಆದರೆ ಹಾಲು ಬಂದ ಮಾತ್ರಕ್ಕೆ ಮರ ಪಾಲೆಯಾಗುವುದಿಲ್ಲ ಎಂಬುದನ್ನೂ ಮಕ್ಕಳಿಂದ ಎರಡು ಸಲ ಹೇಳಿಸಿದೆ. ಎಲ್ಲ ಗುರುತುಗಳೂ ಕೂಡಬೇಕು, ಮರ ಬಲ್ಲ ಹಿರಿಯರು ಜತೆಗಿರಬೇಕು.

ಪಾಲೆಯ ಶಾಸ್ತ್ರೀಯ ಹೆಸರು ಆಲ್‌ಸ್ಟೋನಿಯಾ ಸ್ಕಾಲಾರಿಸ್. ಹಿಂದೆ ಇದರ ಹಗುರ ಮರದಿಂದ ಶಾಲಾ ಮಕ್ಕಳಿಗೆ ಬರೆಯುವ ಹಲಗೆ ಮಾಡುತ್ತಿದ್ದರು. ಆ ಹೆಸರಿನಲ್ಲಿರುವುದು ಶಾಲೆಯೇ. ಶಾಲೆಯವರಿಗೇ ಅದರ ಪರಿಚಯ ತಪ್ಪಿಹೋದದ್ದು ವಿಪರ್ಯಾಸ.

ಮುಂದೆ ಅಶೋಕದ ಸರದಿ. "ನಮ್ಮ ಶಾಲೆಯ ಗೇಟಿನ ಹತ್ತಿರ ಉಂಟಲ್ಲ ಸರ್!" ಎಂದಳು ಹುಡುಗಿಯೊಬ್ಬಳು. ಗೇಟಿನ ಬಳಿ ಕಂಬದಂತೆ ನಿಂತಿರುವುದು ಸೀತಾಫಲದ ಬಳಗಕ್ಕೆ ಸೇರಿದ ಬೇರೆಯೇ ಮರ. ಕೆಂಪು ಕಿತ್ತಳೆ ಹೂಗೊಂಚಲು ಬಿಡುವ ನಿಜವಾದ ಅಶೋಕ ಹುಣಸೆ, ಗುಲ್‌ಮೊಹರುಗಳ ನೆಂಟ. ತೊಗಟೆಯ ಆಸೆಗೆ ಕೊಡಲಿಗೆ ಸಿಕ್ಕಿ ಕಾಡಿನಲ್ಲಿ ವಿರಳವಾಗುತ್ತಿದೆ.

ಬಾಟಲಿಯಲ್ಲಿ ಸತ್ತ ಬೀಜ

ಧೂಪದ ಮರದ ಹೆಸರು ಬಂದಾಗ ನನ್ನದೇ ಒಂದು ಹಳೆಯ ಪೆದ್ದುತನವನ್ನು ಮಕ್ಕಳಿಗೆ ಹೇಳಿದೆ. ಒಂದು ಜೂನ್ ತಿಂಗಳಲ್ಲಿ ಹೆಬ್ರಿ ಕಡೆ ದಾರಿಬದಿ ಬಿದ್ದಿದ್ದ ಧೂಪದ ಬೀಜಗಳನ್ನು ಚೀಲ ತುಂಬಾ ಆರಿಸಿ ತಂದಿದ್ದೆ. ಒಳ್ಳೆಯವನ್ನು ಒರೆಸಿ, ಒಣಗಿಸಿ, ಪ್ರಯೋಗಾಲಯದ ಗಾಜಿನ ಬಾಟಲಿಯಲ್ಲಿಟ್ಟು ಚೀಟಿ ಅಂಟಿಸಿದೆ. ಬೇಡವೆನಿಸಿದವನ್ನು ಜಗಲಿಯ ಮೂಲೆಗೆ, ಸೂರಿನ ನೀರು ಬೀಳುವಲ್ಲಿ ಎಸೆದೆ. ಆಗಸ್ಟಿನಲ್ಲಿ ವನಮಹೋತ್ಸವಕ್ಕೆಂದು ಬಾಟಲಿಯ ಬೀಜ ಬಿತ್ತಿದೆವು. ಒಂದೂ ಹುಟ್ಟಲಿಲ್ಲ. ಮೂಲೆಗೆ ಎಸೆದವು ಅಷ್ಟರಲ್ಲಿ ಗೇಣುದ್ದ ಬೆಳೆದಿದ್ದವು.

ಕಾರಣ ಸರಳ. ಭತ್ತ, ಹೆಸರು, ಉದ್ದಿನ ಬೀಜಗಳು ಒಣಗಿದಾಗ ನಿದ್ದೆ ಮಾಡುತ್ತವೆ, ನೀರು ಸಿಕ್ಕಾಗ ಏಳುತ್ತವೆ. ಮಳೆಕಾಡಿನ ಅನೇಕ ಮರಗಳ ಬೀಜಕ್ಕೆ ಆ ನಿದ್ದೆಯೇ ಗೊತ್ತಿಲ್ಲ. ಆಗುಂಬೆಯಂಥಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಮುಂಗಾರಿನ ಹೊತ್ತಿಗೇ ನೆಲಕ್ಕೆ ಬೀಳುವ ಬೀಜ ಕಾಯಬೇಕಾದ ಪ್ರಮೇಯವೇ ಇಲ್ಲ. ಒಣಗಿಸಿದರೆ ಅದು ಸಾಯುತ್ತದೆ. ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ 2008ರಲ್ಲಿ ತೆರೆದ ಜಾಗತಿಕ ಬೀಜ ಭಂಡಾರದಲ್ಲಿ ಭತ್ತ, ಗೋಧಿಗಳನ್ನು ಮೈನಸ್ 18 ಡಿಗ್ರಿಯಲ್ಲಿಟ್ಟು ಕಾಪಾಡುತ್ತಾರೆ. ನಮ್ಮ ಧೂಪವನ್ನು ಹಾಗೆ ಇಡಲಾಗದು. ಪ್ಲೈವುಡ್ಡಿಗಾಗಿ ಮರ ಹೋಯಿತು, ಎಣ್ಣೆಗಾಗಿ ಬೀಜವನ್ನೂ ಗುಡಿಸಿಕೊಂಡು ಹೋದರೆ ಕಾಡಿನಲ್ಲಿ ಸಸಿ ಏಳುವುದೆಲ್ಲಿಂದ? ಇಂಥ ಮರಗಳಿಗೆ ಬದುಕಿರುವ ತೋಟವೇ ಬ್ಯಾಂಕು, ನರ್ಸರಿಯೇ ಕಪಾಟು.

ಬೋಗಿಯ ಕಥೆಯೂ ಧೂಪದ್ದರಂತೆಯೇ. ಗಟ್ಟಿ ಮರವೆಂದು ರೈಲುಹಳಿಗಳ ಅಡಿಗೆ ಹೋಯಿತು. ಅದರ ಕಾಯಿಗೆ ಎರಡು ರೆಕ್ಕೆ. ಮಳೆಗಾಲದ ಆರಂಭದಲ್ಲಿ ಕೈಗೆ ಸಿಕ್ಕರೆ ಮೇಲಕ್ಕೆಸೆದು ನೋಡಿ, ಪುಟ್ಟ ಹೆಲಿಕಾಪ್ಟರಿನಂತೆ ತಿರುಗುತ್ತಾ ಇಳಿಯುತ್ತದೆ.

ತೋಟದಿಂದ ಕಾಡಿಗೆ

ತೋಟ ಎಷ್ಟು ಚೆನ್ನಾಗಿದ್ದರೂ ಕಾಡಲ್ಲ. ಇಲ್ಲಿ ಮರಗಳು ಹಾಜರಿ ಪುಸ್ತಕದ ಹೆಸರುಗಳಂತೆ ಸಾಲಾಗಿ ನಿಂತಿವೆ, ಕಾಡಿನಲ್ಲಿ ಸಂಸಾರ ಹೂಡಿವೆ. ಅದನ್ನು ನೋಡಲು ನಮ್ಮ ಕಡೆಯವರು ದೂರ ಹೋಗಬೇಕಿಲ್ಲ. ಕಾರ್ಕಳದಾಚೆ ಮಾಳದ ನೆತ್ತಿಯ ಮೇಲೇ 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಹೆಬ್ರಿಯಾಚೆ 1974ರ ಸೋಮೇಶ್ವರ ಅಭಯಾರಣ್ಯ. ಎರಡೂ 2012ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಹೆಬ್ರಿ–ಆಗುಂಬೆ ದಾರಿಯಲ್ಲಿ ಸೀತಾನದಿಯ ಪ್ರಕೃತಿ ಶಿಬಿರವಿದೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲವರ ಜತೆ ನಡೆಯಿರಿ. ತಲೆಯ ಮೇಲೆ ಅಂತಸ್ತು ಅಂತಸ್ತಾಗಿ ಹಸುರು, ನೀರು ಬೇಗ ಜಾರಲೆಂದು ಮೂತಿ ಚೂಪಾದ ಎಲೆಗಳು, ರಾಂಪತ್ರೆಯ ಬೀಜ ನುಂಗಿ ದೂರ ಒಯ್ದು ಉಗುಳುವ ಮಂಗಟ್ಟೆ ಹಕ್ಕಿಯ ರೆಕ್ಕೆಸದ್ದು ಅಲ್ಲಿ ಸಿಗುತ್ತವೆ. ಮಳೆಗಾಲದಲ್ಲಾದರೆ ಉಂಬಳಗಳ ಸ್ವಾಗತವೂ ಉಂಟು!

ನನ್ನ ಸಲಹೆ ಇಷ್ಟೆ. ಮೊದಲು ತೋಟ, ಆಮೇಲೆ ಕಾಡು. ಹತ್ತು ಮರಗಳ ಗುರುತು ಹಿಡಿದು ಕಾಡಿಗೆ ಹೋದರೆ ಹತ್ತು ಮಂದಿ ಪರಿಚಿತರಿರುವ ಊರಿಗೆ ಹೋದಂತೆ. ಮಣಿಪಾಲದ ಎಂಡ್ ಪಾಯಿಂಟಿನಲ್ಲಿ ಬೆಳಗ್ಗೆ ಕೈಬೀಸಿ ನಡೆಯುವ ಹಿರಿಯರೂ ವಾರಕ್ಕೊಂದು ಮರ ಎಂದಿಟ್ಟುಕೊಂಡರೆ ವರ್ಷದಲ್ಲಿ ಐವತ್ತು ಮರ.

ಆ ಪ್ರವಾಸದ ನಂತರ ಬಂದ ಆಟಿ ಅಮಾವಾಸ್ಯೆಗೆ ಎರಡು ದಿನ ಮುಂಚೆ ಎಂಟನೆಯ ತರಗತಿಯ ಹುಡುಗನೊಬ್ಬ ಒದ್ದೆ ಕೊಡೆ ಮಡಚುತ್ತಾ ಅಧ್ಯಾಪಕರ ಕೊಠಡಿಗೆ ಬಂದ. ಕೈಯಲ್ಲೊಂದು ಟಿಸಿಲು. "ಅಜ್ಜ ತೋರಿಸಿದ ಮರ ಸರ್. ಎಲೆ ಏಳುಂಟು, ಹಾಲೂ ಬಂತು. ಆದರೂ ನೀವೊಮ್ಮೆ ನೋಡಿ" ಎಂದ. ಕನ್ನಡಕ ಹಾಕಿಕೊಂಡು ಎಲೆ ಎಣಿಸಿದೆ. ಪಾಲೆಯೇ ಆಗಿತ್ತು.