ವಂಶವಾಹಿ, ವರ್ಣ ಮತ್ತು ಖಿನ್ನತೆಯ ಚಿಕಿತ್ಸೆ

ಖಿನ್ನತೆಗೆ ಒಂದೇ ಔಷಧವನ್ನು ಒಂದೇ ಪ್ರಮಾಣದಲ್ಲಿ ಸೇವಿಸಿದ ಇಬ್ಬರಲ್ಲಿ ಒಬ್ಬನು ಗುಣಮುಖನಾಗುವುದೂ ಮತ್ತೊಬ್ಬನು ವಾಕರಿಕೆ, ನಿದ್ರಾನಾಶಗಳಿಂದ ಬಳಲುವುದೂ ವೈದ್ಯರು ಬಹುಕಾಲದಿಂದ ಬಲ್ಲ ಸಂಗತಿ. ಈ ಭೇದದ ಒಂದು ಕಾರಣ ಯಕೃತ್ತಿನಲ್ಲಿದೆ: ಸಿಟಲೋಪ್ರಾಮ್ ಮೊದಲಾದ ಔಷಧಗಳನ್ನು ವಿಘಟಿಸುವ ಸಿವೈಪಿ2ಸಿ19 ಎಂಬ ಕಿಣ್ವವು, ತನ್ನ ವಂಶವಾಹಿಯ ರೂಪಕ್ಕನುಸಾರವಾಗಿ, ಕೆಲವರಲ್ಲಿ ಶೀಘ್ರವಾಗಿಯೂ ಕೆಲವರಲ್ಲಿ ಅತಿಮಂದವಾಗಿಯೂ ವರ್ತಿಸುತ್ತದೆ; ಮಂದವಾಗಿರುವವರಿಗೆ ಸಿಟಲೋಪ್ರಾಮ್ ದಿನಕ್ಕೆ 20 ಮಿಲಿಗ್ರಾಮನ್ನು ಮೀರಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ ಸೂಚಿಸಿದೆ.

ಆ ದೇಶದಲ್ಲಿ 2001ರಲ್ಲಿ ಮೊದಲಾಗಿ ಸುಮಾರು 4,000 ರೋಗಿಗಳನ್ನೊಳಗೊಂಡ ಸ್ಟಾರ್-ಡಿ ಎಂಬ ಅಧ್ಯಯನದಿಂದ, ಸಿಟಲೋಪ್ರಾಮ್ ಫಲಿಸುವುದಕ್ಕೆ ಅನುಕೂಲವೆಂದು ಕಂಡ ಒಂದು ರೂಪಭೇದವನ್ನು ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕದ ಗ್ರಾಹಕದ ವಂಶವಾಹಿಯಲ್ಲಿ ಗುರುತಿಸಿದ ಸಂಶೋಧಕರು, ಅದು ಕೃಷ್ಣವರ್ಣೀಯರಿಗಿಂತ ಶ್ವೇತವರ್ಣೀಯರಲ್ಲಿ ಆರು ಪಟ್ಟಿಗೂ ಮಿಗಿಲಾಗಿದೆಯೆಂದೂ, ಕೃಷ್ಣವರ್ಣೀಯರಿಗೆ ಔಷಧವು ಅಷ್ಟಾಗಿ ಫಲಿಸಲಿಲ್ಲವೆಂದೂ 2006ರಲ್ಲಿ ಪ್ರಕಟಿಸಿದರು. ಇದನ್ನೋದಿ, ಅವರ ಕ್ಲೇಶವೆಲ್ಲ ಅವರ ರಕ್ತದಲ್ಲಿಯೇ ಅಡಗಿದೆಯೆಂದು ಬಗೆದರೆ ಅದು ಅವಸರವೂ ಅನ್ಯಾಯವೂ ಆದೀತು; ಏಕೆಂದರೆ ದಾರಿದ್ರ್ಯ, ವಿಮೆಯಿಲ್ಲದ ಬಾಳು, ತಡವಾಗಿ ದೊರೆಯುವ ಚಿಕಿತ್ಸೆ, ಮತ್ತು ಅದೇ ದೇಶದ ಟಸ್ಕೆಗೀಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಪೀಡಿತರಾದ ನೂರಾರು ಕೃಷ್ಣವರ್ಣೀಯರನ್ನು ಔಷಧ ಕೊಡದೆ ಕೇವಲ ವೀಕ್ಷಿಸುತ್ತಿದ್ದ ಸರ್ಕಾರಿ ಪ್ರಯೋಗದಿಂದ ಬಲಿತ ಅವಿಶ್ವಾಸ, ಇವೆಲ್ಲವೂ ಗುಣಹೊಂದುವುದನ್ನು ತಡೆಯಬಲ್ಲವು; ಇವಾವುವೂ ವಂಶವಾಹಿಯ ಕೃತ್ಯವಲ್ಲ.

ಔಷಧದ ಪ್ರಮಾಣವನ್ನು ನಿರ್ಣಯಿಸಲು ಇಂಥ ರೂಪಭೇದಗಳನ್ನು ಹುಡುಕುವ ವಂಶವಾಹಿ ಪರೀಕ್ಷೆಯೂ ಪಕ್ಷಪಾತದಿಂದ ಮುಕ್ತವಲ್ಲ. ಸಿವೈಪಿ2ಡಿ6 ಎಂಬ ಇನ್ನೊಂದು ಕಿಣ್ವದ ಶಕ್ತಿಯನ್ನು ಕುಂದಿಸುವ 17 ಮತ್ತು 29ನೆಯ ರೂಪಭೇದಗಳು ಆಫ್ರಿಕಾ ಮೂಲದವರಲ್ಲಿ ಹೇರಳ, ಐರೋಪ್ಯರಲ್ಲಿ ವಿರಳ; ಅವನ್ನು ಹುಡುಕದ ಪರೀಕ್ಷೆಯು ಅಂಥ ರೋಗಿಯನ್ನು ಸಾಮಾನ್ಯನೆಂದು ವರದಿಮಾಡಿ, ಅವನಿಗೆ ಸಲ್ಲದ ಪ್ರಮಾಣದ ಮೇಲೆ ವಿಜ್ಞಾನದ ಮುದ್ರೆಯನ್ನೊತ್ತುತ್ತದೆ. ಇದರ ಮೂಲವೂ ಸ್ಪಷ್ಟವೇ: 2016ರ ಗಣನೆಯಂತೆ, ವ್ಯಾಧಿಗಳ ಬೇರನ್ನರಸಿ ಇಡೀ ಜೀನೋಮನ್ನು, ಅಂದರೆ ವಂಶವಾಹಿಗಳ ಸಮಸ್ತ ಸಂಗ್ರಹವನ್ನು, ಶೋಧಿಸುವ ಅಧ್ಯಯನಗಳಲ್ಲಿ ಪಾಲ್ಗೊಂಡವರ ಪೈಕಿ ಶೇಕಡ 81ರಷ್ಟು ಜನ ಐರೋಪ್ಯ ಮೂಲದವರು.

ಹಾಗೆಂದು ಮೈಬಣ್ಣವನ್ನು ನೋಡಿ ಔಷಧವನ್ನು ನಿರ್ಣಯಿಸುವುದೂ ಸಲ್ಲದು. ಮಾನವರ ಅನುವಂಶಿಕ ವೈವಿಧ್ಯದಲ್ಲಿ ಸುಮಾರು ಶೇಕಡ 85 ಭಾಗ ಒಂದೊಂದು ಜನಸಮುದಾಯದ ಒಳಗೇ ಇದೆಯೆಂದು ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ 1972ರಲ್ಲಿಯೇ ತೋರಿಸಿದ್ದರು. ಬೆಂಗಳೂರಿನ ಮಿದುಳು ಸಂಶೋಧನ ಕೇಂದ್ರದ ನೇತೃತ್ವದಲ್ಲಿ ಜೀನೋಮ್ ಇಂಡಿಯಾ ಯೋಜನೆಯು ನಮ್ಮ ನಾನಾ ಸಮುದಾಯಗಳ ಸುಮಾರು 10,000 ಜನರ ಜೀನೋಮುಗಳನ್ನು ದಾಖಲಿಸಿರುವುದು ಸಂಶೋಧನೆಯಲ್ಲಿ ಐರೋಪ್ಯೇತರರ ಕೊರತೆಯನ್ನು ನೀಗಿಸುವ ಶ್ಲಾಘ್ಯ ಯತ್ನ. ಉಪೇಕ್ಷಿತ ಸಮುದಾಯಗಳನ್ನು ಸಮ್ಮತಿಯಿಂದಲೂ ಗೌರವದಿಂದಲೂ ಸಂಶೋಧನೆಯಲ್ಲಿ ಸೇರಿಸಿಕೊಂಡು, ಅದರ ಫಲವನ್ನು ಬಡವನಿಗೂ ಎಟುಕುವಂತೆ ಮಾಡುವುದು ವಿಜ್ಞಾನಿಗಳ ಔದಾರ್ಯವಲ್ಲ, ಕರ್ತವ್ಯ. ಅದು ನೆರವೇರುವವರೆಗೆ, ವ್ಯಕ್ತಿಗನುಗುಣವಾದ ಚಿಕಿತ್ಸೆಯೆಂಬುದು ಕೆಲವೇ ವ್ಯಕ್ತಿಗಳ ಸೊತ್ತಾಗಿರುತ್ತದೆ.